ಕೋಪರ್ನಿಕಸ್ ಇಟಲಿಯಲ್ಲಿ ಸೆಟಲ್ ಆಗಲಿಲ್ಲ

ಮೂರನೇ ವರ್ಷದ ಬಿಇ ಮುಗಿಯುತ್ತ ಬಂದಂತೆ ನಮ್ಮಂಥವರ ಎದುರು ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಮುಂದೆ ಎಲ್ಲಿ ಸೆಟಲ್ ಆಗುವುದು? ಮನೆಗೆ ಬಂದ ನೆಂಟರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವರೂ ಕೇಳುತ್ತಾರೆ. ನಮ್ಮ ಹೂಡೆಯಲ್ಲಿ ಇದಕ್ಕೆ ಬಹಳ ಕಾಲದಿಂದ ಇರುವ ಸಿದ್ಧ ಉತ್ತರ ಗಲ್ಫ್. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸ್ವರ್ಣಾ ನದಿ ಇರುವ ಈ ಮರಳಿನ ಊರಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿ ದುಡಿದವರಿದ್ದಾರೆ. ಈಗ ನನ್ನ ತರಗತಿಯವರ ಮಾತಿನಲ್ಲಿ ಗಲ್ಫ್ ಜಾಗಕ್ಕೆ ಜರ್ಮನಿ, ಐರ್ಲೆಂಡ್, ಇಟಲಿ ಬಂದಿವೆ. ಇಟಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವನ್ನು ಮನೆಯ ಆದಾಯ ನೋಡಿ ನಿಗದಿ ಮಾಡುತ್ತಾರೆ ಎಂಬುದು ಗೊತ್ತಾದ ಮೇಲಂತೂ ಆ ಹೆಸರು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ.

ನಾನೂ ಇಟಲಿಯ ವಿಶ್ವವಿದ್ಯಾಲಯಗಳ ಪಟ್ಟಿ ನೋಡುತ್ತಿದ್ದೆ. ಬೊಲೋನ್ಯಾ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಸಾಲಿನಲ್ಲಿ ನಿಕೊಲಾಸ್ ಕೋಪರ್ನಿಕಸ್ ಹೆಸರು ಕಂಡಿತು. ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಎಂದು ಹೇಳಿದವನು ಎಂಬ ಒಂದೇ ಸಾಲಿನಲ್ಲಿ ಹೈಸ್ಕೂಲಿನಲ್ಲಿ ಓದಿ ಮುಗಿಸಿದ್ದ ಹೆಸರು ಅದು. ಆತನೂ ಒಂದು ಕಾಲದಲ್ಲಿ ಪರದೇಶಕ್ಕೆ ಓದಲು ಹೋದ, ಕೈಯಲ್ಲಿ ಕಾಸಿಲ್ಲದೆ ಪರದಾಡಿದ, ಮನೆಯವರಿಗೆ ಉತ್ತರ ಕೊಡಬೇಕಾಗಿದ್ದ ವಿದ್ಯಾರ್ಥಿ ಎಂದು ತಿಳಿದ ಮೇಲೆ ಅವನ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನಿಸಿತು.

ಕೋಪರ್ನಿಕಸ್ ಹುಟ್ಟಿದ್ದು 1473ರ ಫೆಬ್ರವರಿ 19ರಂದು, ಈಗಿನ ಪೋಲೆಂಡಿನಲ್ಲಿರುವ ಟೋರುನ್ ಎಂಬ ನದಿತೀರದ ವ್ಯಾಪಾರದ ಪಟ್ಟಣದಲ್ಲಿ. ತಂದೆ ತಾಮ್ರದ ವ್ಯಾಪಾರಿ. ನಾಲ್ವರು ಮಕ್ಕಳಲ್ಲಿ ನಿಕೊಲಾಸ್ ಕೊನೆಯವನು. ಅವನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಆಗ ಮಕ್ಕಳ ಜವಾಬ್ದಾರಿ ಹೊತ್ತವನು ತಾಯಿಯ ತಮ್ಮ ಲೂಕಾಸ್ ವಾಟ್ಸೆನ್‌ರೋಡೆ. ಅಳಿಯಸಂತಾನದ ತುಳುನಾಡಿನಲ್ಲಿ ಸೋದರಮಾವ ಎಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈ ಮಾವ ಮುಂದೆ ವಾರ್ಮಿಯಾ ಎಂಬ ಪ್ರಾಂತದ ಬಿಷಪ್ ಆದ. ಅಳಿಯಂದಿರನ್ನು ಓದಿಸಿ ತನ್ನ ಚರ್ಚಿನ ಆಡಳಿತ ಮಂಡಳಿಗೆ ಸೇರಿಸಬೇಕೆಂಬುದು ಅವನ ಲೆಕ್ಕ. ಒಮ್ಮೆ ಸೇರಿದರೆ ಜೀವನಪೂರ್ತಿ ಆದಾಯ ಖಚಿತ. ನಮ್ಮ ಕಡೆ ಸರಕಾರಿ ಕೆಲಸ ಆಗಲಿ ಎಂದು ಹಿರಿಯರು ಬಯಸುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

1491ರಲ್ಲಿ ನಿಕೊಲಾಸ್ ಕ್ರಾಕೋವ್ ವಿಶ್ವವಿದ್ಯಾಲಯ ಸೇರಿದ. ನಾಲ್ಕು ವರ್ಷ ಓದಿದ. ಗಣಿತ, ಖಗೋಳ ಎರಡರ ರುಚಿಯೂ ಹತ್ತಿತು. ಆದರೆ ಪದವಿ ಪಡೆಯದೆಯೇ ಹೊರಬಂದ. 1496ರಲ್ಲಿ ಮಾವ ಅವನನ್ನು ಬೊಲೋನ್ಯಾಕ್ಕೆ ಕಳುಹಿಸಿದ. ಓದಬೇಕಾದ ವಿಷಯ ಚರ್ಚ್ ಕಾನೂನು. ಮಾವ ಸ್ವತಃ ಅಲ್ಲಿಯೇ ಅದೇ ವಿಷಯದಲ್ಲಿ ಡಾಕ್ಟರೇಟ್ ಪಡೆದಿದ್ದ. ಅಂದರೆ ಕಾಲೇಜು, ಕೋರ್ಸು, ಮುಂದಿನ ಕೆಲಸ ಮೂರನ್ನೂ ಮನೆಯವರೇ ಆರಿಸಿದ್ದರು. ಆಗ ಅವನಿಗೆ 23 ವರ್ಷ. ಟೋರುನ್‌ನಿಂದ ಬೊಲೋನ್ಯಾಕ್ಕೆ ನೇರ ಅಳೆದರೂ ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ, ನಡುವೆ ಆಲ್ಪ್ಸ್ ಪರ್ವತ. ಅಂಥ ಪ್ರಯಾಣಕ್ಕೆ ಆಗ ವಾರಗಟ್ಟಲೆ ಬೇಕಿತ್ತು.

ಬೊಲೋನ್ಯಾ ಎಂಥ ಊರು ಎಂದರೆ, ಅಲ್ಲಿನ ವಿಶ್ವವಿದ್ಯಾಲಯ ತನ್ನ ಹುಟ್ಟನ್ನು 1088ರಿಂದ ಎಣಿಸುತ್ತದೆ. ಆರಂಭದ ಕಾಲದಲ್ಲಿ ಅಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಅಧ್ಯಾಪಕರನ್ನು ಗೊತ್ತುಮಾಡುತ್ತಿದ್ದರು. ತಡವಾಗಿ ಬಂದ ಅಧ್ಯಾಪಕರಿಗೆ ದಂಡ ಹಾಕುವ ನಿಯಮವೂ ಇತ್ತು! (ನಮ್ಮ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯ ಎದುರು ನಿಂತಾಗ ಇದನ್ನು ನೆನಪಿಸಿಕೊಂಡರೆ ಸ್ವಲ್ಪ ಸಮಾಧಾನ.) ಬೀದಿಗಳ ಎರಡೂ ಬದಿಗೆ ಕಮಾನುಗಳ ಮೇಲೆ ನಿಂತ ಉದ್ದನೆಯ ಜಗಲಿಗಳಿವೆ. ಊರಿಗೆ ಬರುವ ಜನ, ವಿದ್ಯಾರ್ಥಿಗಳು ಹೆಚ್ಚಾದಂತೆ ಮನೆಗಳ ಮೇಲಿನ ಅಂತಸ್ತನ್ನು ಬೀದಿಯ ಕಡೆಗೆ ಚಾಚಿ ಕೋಣೆ ಮಾಡಿದರು. ಕೆಳಗೆ ಕಂಬ ಕೊಟ್ಟು ನಡೆಯಲು ದಾರಿ ಬಿಟ್ಟರು. 1288ರಲ್ಲಿ ಇಂಥ ಜಗಲಿ ಇರಲೇಬೇಕು ಎಂದು ನಗರದ ಕಾನೂನೇ ಬಂತು. ಆ ಕಮಾನು ದಾರಿಗಳು ಇಂದಿಗೂ ಇದ್ದು, 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರವನ್ನೂ ಅದರ ಪಕ್ಕ ವಾಲಿ ನಿಂತಿರುವ ಗರಿಸೆಂಡಾ ಗೋಪುರವನ್ನೂ ಕೋಪರ್ನಿಕಸ್ ದಿನವೂ ನೋಡಿರಬೇಕು. ಅವು ಆಗಲೇ ಮುನ್ನೂರು ವರ್ಷಕ್ಕಿಂತ ಹಳೆಯವು.

ಇಂಥ ಊರಿನಲ್ಲಿ ಹೊಸಬನೊಬ್ಬ ಹೇಗೆ ಒಗ್ಗಿಕೊಂಡ?

ಮೊದಲು ಭಾಷೆ. ತರಗತಿಯಲ್ಲಿ ಪಾಠ ಲ್ಯಾಟಿನ್‌ನಲ್ಲಿ. ಅದು ಅವನಿಗೆ ಬರುತ್ತಿತ್ತು. ಆದರೆ ಬೀದಿಯ ಭಾಷೆ ಬೇರೆ. ಮಣಿಪಾಲಕ್ಕೆ ಬರುವ ಉತ್ತರದ ವಿದ್ಯಾರ್ಥಿಗಳನ್ನು ನೋಡಿದರೆ ಇದು ನಮಗೆ ಅರ್ಥವಾಗುತ್ತದೆ. ಕ್ಲಾಸಿಗೆ ಇಂಗ್ಲಿಷ್ ಸಾಕು, ಆದರೆ ಬಸ್ಸಿನ ಕಂಡಕ್ಟರ್ ಹತ್ತಿರ, ಮೀನಿನ ಅಂಗಡಿಯಲ್ಲಿ ಕನ್ನಡವೋ ತುಳುವೋ ನಾಲ್ಕು ಮಾತು ಬಂದರೆ ಬದುಕು ಹಗುರ. ಎರಡನೆಯದು ತನ್ನವರು. ಬೊಲೋನ್ಯಾದಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮ ಸೀಮೆಯ ಹೆಸರಿನಲ್ಲಿ ಸಂಘ ಮಾಡಿಕೊಂಡಿದ್ದರು. ಕೋಪರ್ನಿಕಸ್ ಜರ್ಮನ್ ಭಾಷಿಕರ ಸಂಘದಲ್ಲಿ ಹೆಸರು ಬರೆಸಿದ. ದುಬೈ, ಕುವೈತ್‌ಗಳಲ್ಲಿ ನಮ್ಮವರು ಕಟ್ಟಿಕೊಂಡ ಕನ್ನಡ ಸಂಘ, ತುಳುಕೂಟಗಳ ಹಾಗೆ ಎನ್ನಬಹುದು.

ಮೂರನೆಯದು ವಾಸ. ಅವನ ಬದುಕಿನ ದಿಕ್ಕು ಬದಲಾದದ್ದು ಇಲ್ಲೇ. ಅವನು ಉಳಿದುಕೊಂಡದ್ದು ಡೊಮೆನಿಕೊ ಮರಿಯಾ ನೊವಾರಾ ಎಂಬ ಖಗೋಳ ಪ್ರಾಧ್ಯಾಪಕನ ಮನೆಯಲ್ಲಿ. ಹಗಲು ಕಾನೂನಿನ ವಿದ್ಯಾರ್ಥಿ, ರಾತ್ರಿ ನೊವಾರಾನ ಜೊತೆ ಆಕಾಶ ನೋಡುವ ಸಹಾಯಕ. ದೂರದರ್ಶಕ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ಬರಿಗಣ್ಣು, ಕೋನ ಅಳೆಯುವ ಸರಳ ಉಪಕರಣ, ತಾಳ್ಮೆ ಇಷ್ಟೇ ಬಂಡವಾಳ.

1497ರ ಮಾರ್ಚ್ 9ರ ರಾತ್ರಿ ಅವರು ಚಂದ್ರನು ಅಲ್ದೆಬರಾನ್ ನಕ್ಷತ್ರವನ್ನು ಮರೆಮಾಡುವುದನ್ನು ಗಮನಿಸಿದರು. ಅಲ್ದೆಬರಾನ್ ಎಂದರೆ ನಮ್ಮ ಪಂಚಾಂಗದ ರೋಹಿಣಿ. ಇಪ್ಪತ್ತೇಳು ಹೆಂಡತಿಯರಲ್ಲಿ ಚಂದ್ರನಿಗೆ ರೋಹಿಣಿಯೇ ಅಚ್ಚುಮೆಚ್ಚು ಎಂಬ ಕಥೆ ನಮ್ಮ ಅಜ್ಜಿಯಂದಿರಿಗೆ ಗೊತ್ತು. ಕೋಪರ್ನಿಕಸ್‌ಗೆ ಅಲ್ಲಿ ಕಂಡದ್ದು ಒಂದು ಲೆಕ್ಕದ ತೊಡಕು. ಆಗ ಎಲ್ಲರೂ ಒಪ್ಪಿದ್ದು ಸುಮಾರು 1300 ವರ್ಷ ಹಳೆಯ ಟಾಲೆಮಿಯ ಸಿದ್ಧಾಂತವನ್ನು. ಅದರ ಪ್ರಕಾರ ಅರ್ಧಚಂದ್ರನ ಹೊತ್ತಿಗೆ ಚಂದ್ರ ಭೂಮಿಗೆ ಬಹಳ ಹತ್ತಿರ ಬರಬೇಕು, ಹುಣ್ಣಿಮೆಯ ಚಂದ್ರನಿಗಿಂತ ಸುಮಾರು ಇಮ್ಮಡಿ ದೊಡ್ಡದಾಗಿ ಕಾಣಬೇಕು. ಹಾಗೆ ಕಾಣುವುದಿಲ್ಲ ಎಂದು ಕಣ್ಣಿದ್ದ ಯಾರಿಗಾದರೂ ಗೊತ್ತು. ಲೆಕ್ಕ ಸರಿಯೋ ಕಣ್ಣು ಸರಿಯೋ ಎಂದು ಪರೀಕ್ಷಿಸಲು ರೋಹಿಣಿ ಮರೆಯಾದ ಕ್ಷಣ ಅವನಿಗೆ ಸಹಾಯಕ್ಕೆ ಬಂತು. ಆ ರಾತ್ರಿಯ ಟಿಪ್ಪಣಿಯನ್ನು ಅವನು ಜೋಪಾನವಾಗಿ ಇಟ್ಟುಕೊಂಡ. 46 ವರ್ಷಗಳ ನಂತರ ಅಚ್ಚಾದ ಅವನ ಮಹಾಗ್ರಂಥದಲ್ಲಿ ಅದು ಸೇರಿದೆ.

ಸಿಲೆಬಸ್‌ನಲ್ಲಿ ಇಲ್ಲದ ವಿಷಯವೇ ಅವನ ಹೆಸರನ್ನು ಉಳಿಸಿತು ಎನ್ನುವುದು ಸುಲಭ. ಆದರೆ ಅವನು ಕಾನೂನು ಓದನ್ನು ಕೈಬಿಡಲಿಲ್ಲ ಎಂಬುದನ್ನೂ ನೋಡಬೇಕು. ಎರಡನ್ನೂ ಒಟ್ಟಿಗೆ ನಡೆಸಿದ.

ಇನ್ನು ಹಣದ ಕಥೆ. 1497ರಲ್ಲಿ, ಅವನು ಇಟಲಿಯಲ್ಲಿದ್ದಾಗಲೇ, ಮಾವನ ಪ್ರಯತ್ನದಿಂದ ವಾರ್ಮಿಯಾದ ಚರ್ಚ್ ಮಂಡಳಿಯಲ್ಲಿ ಅವನಿಗೆ ಸ್ಥಾನ ಸಿಕ್ಕಿತು. ಮರುವರ್ಷ ಅಣ್ಣ ಆಂದ್ರೇಯಸ್ ಕೂಡ ಓದಲು ಬೊಲೋನ್ಯಾಕ್ಕೆ ಬಂದ. ಆದರೂ 1499ರಲ್ಲಿ ಅಣ್ಣ ತಮ್ಮ ಇಬ್ಬರ ಕೈಯೂ ಬರಿದಾಯಿತು. ರೋಮ್‌ನಲ್ಲಿದ್ದ ವಾರ್ಮಿಯಾದ ಪ್ರತಿನಿಧಿಯ ನೆರವಿನಿಂದ ಬಡ್ಡಿಗೆ ಸಾಲ ಎತ್ತಬೇಕಾಯಿತು. ತೀರಿಸುವ ಭಾರ ಮತ್ತೆ ಮಾವನ ಮೇಲೆ. ಬೊಲೋನ್ಯಾದಲ್ಲಿ ಓದುತ್ತಿರುವ ನಮ್ಮ ಸೀನಿಯರ್ ಒಬ್ಬರು ಅಲ್ಲಿ ಈಗ ಕೋಣೆ ಸಿಗುವುದೇ ದೊಡ್ಡ ಕಷ್ಟ, ಸಿಕ್ಕರೂ ಬಾಡಿಗೆ ಕೈಗೆಟುಕುವುದಿಲ್ಲ ಎನ್ನುತ್ತಾರೆ. ಐದುನೂರು ವರ್ಷಗಳಲ್ಲಿ ಆ ಊರಿನ ವಿದ್ಯಾರ್ಥಿಯ ಚಿಂತೆ ಹೆಚ್ಚು ಬದಲಾದಂತೆ ಕಾಣುವುದಿಲ್ಲ.

1500ರಲ್ಲಿ ಕೋಪರ್ನಿಕಸ್ ರೋಮ್‌ನಲ್ಲಿದ್ದ. ಅದು ಚರ್ಚಿನ ಜುಬಿಲಿ ವರ್ಷ, ಯುರೋಪಿನ ಎಲ್ಲೆಡೆಯಿಂದ ಯಾತ್ರಿಕರು ಬಂದಿದ್ದರು. ಅಲ್ಲಿ ಅವನು ಗಣಿತದ ಬಗ್ಗೆ ಉಪನ್ಯಾಸ ಕೊಟ್ಟ, ನವೆಂಬರ್ 6ರ ಚಂದ್ರಗ್ರಹಣವನ್ನು ಗಮನಿಸಿ ಬರೆದಿಟ್ಟ. 1501ರ ಜುಲೈಯಲ್ಲಿ ಊರಿಗೆ ಬಂದು ಮಂಡಳಿಯ ಎದುರು ನಿಂತ. ಐದು ವರ್ಷವಾದರೂ ಕೈಯಲ್ಲಿ ಪದವಿ ಇರಲಿಲ್ಲ. ಈಗ ಇನ್ನೂ ಎರಡು ವರ್ಷ ರಜೆ ಬೇಕು ಎಂದು ಕೇಳಿದ. ಮಂಡಳಿ ಒಪ್ಪಿತು, ಆದರೆ ಸುಮ್ಮನೆ ಅಲ್ಲ. ವೈದ್ಯಶಾಸ್ತ್ರ ಓದಿ ಬಂದರೆ ಬಿಷಪ್‌ಗೂ ಮಂಡಳಿಯವರಿಗೂ ವೈದ್ಯನಾಗಿ ಉಪಯೋಗಕ್ಕೆ ಬರುತ್ತಾನೆ ಎಂಬ ಭರವಸೆಯ ಮೇಲೆ. ಎಷ್ಟು ವರ್ಷ, ಯಾವ ವಿದ್ಯೆ, ಬಂದ ಮೇಲೆ ಯಾರಿಗೆ ಉಪಯೋಗ ಎಂಬ ಮೂರೂ ಹೋಗುವ ಮೊದಲೇ ಸ್ಪಷ್ಟವಾಗಿತ್ತು.

ಹಾಗೆ ಅವನು ಪಾದುವಾ ನಗರಕ್ಕೆ ಹೋದ. ಮಂಗಳೂರಿನವರಿಗೆ ಈ ಹೆಸರು ಹೊಸದಲ್ಲ, ನಂತೂರಿನಲ್ಲಿ ಅದೇ ಹೆಸರಿನ ಕಾಲೇಜೇ ಇದೆ. 1222ರಲ್ಲಿ ಆರಂಭವಾದ ಪಾದುವಾ ವಿಶ್ವವಿದ್ಯಾಲಯ ವೈದ್ಯಶಿಕ್ಷಣಕ್ಕೆ ಹೆಸರುವಾಸಿ. ಅಂದಿನ ವೈದ್ಯ ಪಠ್ಯಗಳಲ್ಲಿ ಮುಖ್ಯವಾದದ್ದು ಪೂರ್ವದ ಪಂಡಿತ ಇಬ್ನ್ ಸೀನಾ ಅರಬ್ಬಿಯಲ್ಲಿ ಬರೆದ ಗ್ರಂಥದ ಲ್ಯಾಟಿನ್ ಅನುವಾದ. ಖಗೋಳದಲ್ಲೂ ಕೋಪರ್ನಿಕಸ್ ಅಲ್ ಬತ್ತಾನಿಯಂಥ ಅರಬ್ಬಿ ಪಂಡಿತರ ಅಳತೆಗಳನ್ನು ಹೆಸರು ಹೇಳಿ ಬಳಸಿದ್ದಾನೆ. ಇಟಲಿಯಲ್ಲಿದ್ದಾಗ ಗ್ರೀಕ್ ಭಾಷೆಯನ್ನೂ ಕಲಿತ. 1509ರಲ್ಲಿ ಕ್ರಾಕೋವ್‌ನಲ್ಲಿ ಅಚ್ಚಾದ ಅವನ ಮೊದಲ ಪುಸ್ತಕ ಗ್ರೀಕ್‌ನಿಂದ ಲ್ಯಾಟಿನ್‌ಗೆ ಮಾಡಿದ ಅನುವಾದ.

ಅವನು ಪದವಿ ಪಡೆದ ಬಗೆಯೂ ಕುತೂಹಲದ್ದೇ. ಕಾನೂನು ಓದಿದ್ದು ಬೊಲೋನ್ಯಾದಲ್ಲಿ, ವೈದ್ಯ ಓದುತ್ತಿದ್ದದ್ದು ಪಾದುವಾದಲ್ಲಿ, ಆದರೆ ಚರ್ಚ್ ಕಾನೂನಿನ ಡಾಕ್ಟರೇಟ್ ಪಡೆದದ್ದು 1503ರ ಮೇ 31ರಂದು ಫೆರಾರಾ ಎಂಬ ಮೂರನೆಯ ಊರಿನಲ್ಲಿ! ಆಗ ಪದವಿ ಪಡೆದವನು ಎಲ್ಲರಿಗೂ ಔತಣ ಹಾಕಿಸಬೇಕಿತ್ತು. ಪರಿಚಯದವರಿಲ್ಲದ ಊರಿನಲ್ಲಾದರೆ ಆ ಖರ್ಚು ಉಳಿಯುತ್ತದೆ ಎಂಬುದೇ ಕಾರಣ ಇರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ. ವೈದ್ಯ ಪದವಿಯನ್ನಂತೂ ಅವನು ಪಡೆಯಲೇ ಇಲ್ಲ. ಆದರೂ ಊರಿಗೆ ಮರಳಿ ಸಾಯುವ ತನಕ ವೈದ್ಯ ಮಾಡಿದ.

1503ರಲ್ಲಿ, 30ನೇ ವಯಸ್ಸಿನಲ್ಲಿ, ಅವನು ಇಟಲಿ ಬಿಟ್ಟ. ಮುಂದೆ 40 ವರ್ಷ ಬದುಕಿದ, ಇಟಲಿಗೆ ಮರಳಲಿಲ್ಲ. ನಾನು ಹೆಚ್ಚು ಹೊತ್ತು ಯೋಚಿಸಿದ್ದು ಈ ಭಾಗದ ಬಗ್ಗೆ. ಬೊಲೋನ್ಯಾ, ರೋಮ್, ಪಾದುವಾ ಆಗ ಯುರೋಪಿನ ಜ್ಞಾನದ ರಾಜಧಾನಿಗಳು. ಅಲ್ಲಿ ಪುಸ್ತಕ ಇತ್ತು, ಗುರುಗಳಿದ್ದರು, ಚರ್ಚೆ ಮಾಡುವವರಿದ್ದರು. ಅವನ ಊರಿನಲ್ಲಿ ಇದ್ದದ್ದು ಫ್ರೋಂಬೋರ್ಕ್ ಎಂಬ ಪುಟ್ಟ ಪಟ್ಟಣದ ಕೋಟೆಗೋಡೆಯೊಳಗಿನ ಚರ್ಚು. ಎದುರಿಗೆ ಹಿನ್ನೀರು, ಅದರಾಚೆ ಉದ್ದನೆಯ ಮರಳಿನ ಪಟ್ಟಿ, ಅದರಾಚೆ ಬಾಲ್ಟಿಕ್ ಸಮುದ್ರ. ನಕ್ಷೆಯಲ್ಲಿ ಅದನ್ನು ನೋಡಿದಾಗ ನಮ್ಮ ಕೋಡಿ ಬೆಂಗ್ರೆಯೇ ನೆನಪಾಯಿತು, ಅಲ್ಲಿ ಎಲ್ಲವೂ ಇನ್ನಷ್ಟು ದೊಡ್ಡದು ಅಷ್ಟೆ. ಹಿನ್ನೀರಿನ ಮಂಜು ಆಕಾಶ ನೋಡಲು ಅಡ್ಡಿ. ದಿಗಂತದ ಹತ್ತಿರವೇ ಸುಳಿಯುವ ಬುಧ ಗ್ರಹದ ವಿಷಯದಲ್ಲಿ ಅವನು ನ್ಯೂರೆಂಬರ್ಗ್‌ನಲ್ಲಿ ಬೇರೆಯವರು ಮಾಡಿದ ಅವಲೋಕನಗಳನ್ನೇ ನೆಚ್ಚಬೇಕಾಯಿತು.

ಅವನಿಗೆ ಪೂರ್ತಿ ಸಮಯವೂ ಸಿಗಲಿಲ್ಲ. 1510ರವರೆಗೆ ಮಾವನ ಕಾರ್ಯದರ್ಶಿ ಮತ್ತು ವೈದ್ಯ. ಆಮೇಲೆ ಮಂಡಳಿಯ ಜಮೀನು, ಗೇಣಿ, ಲೆಕ್ಕಪತ್ರ. 1521ರಲ್ಲಿ ಓಲ್ಶ್ಟಿನ್ ಕೋಟೆಗೆ ಶತ್ರು ಸೈನ್ಯ ಬಂದಾಗ ಅದರ ರಕ್ಷಣೆಯ ಹೊಣೆ. ಪ್ರಾಂತದ ನಾಣ್ಯಗಳಲ್ಲಿ ಬೆಳ್ಳಿಯ ಅಂಶ ಕಡಿಮೆಯಾಗುತ್ತ ಹೋದಾಗ ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ ಎಂದು ವಿವರಿಸಿ ಪ್ರಬಂಧ ಬರೆದ. ಇಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗ್ರೆಶಾಮ್ ನಿಯಮ ಎಂದು ಓದುತ್ತಾರೆ. ಇಟಲಿಯಲ್ಲಿ ಕಲಿತ ಕಾನೂನು, ವೈದ್ಯ, ಗಣಿತ ಯಾವುದೂ ವ್ಯರ್ಥವಾಗಲಿಲ್ಲ.

ಈ ಎಲ್ಲ ಕೆಲಸದ ನಡುವೆ ರಾತ್ರಿ ಹೊತ್ತು ಮರದ ಪಟ್ಟಿಗಳಿಂದ ಮಾಡಿದ ಉಪಕರಣ ಹಿಡಿದು ಆಕಾಶ ನೋಡಿದ. 1514ರ ಹೊತ್ತಿಗೆ ಸೂರ್ಯನನ್ನು ನಡುವಿನಲ್ಲಿಟ್ಟ ತನ್ನ ವಿಚಾರವನ್ನು ಕೆಲವೇ ಪುಟಗಳಲ್ಲಿ ಬರೆದು ಕೈಬರಹದ ಪ್ರತಿಗಳಾಗಿ ಪರಿಚಿತರಿಗೆ ಕೊಟ್ಟ. ಪೂರ್ಣ ಗ್ರಂಥಕ್ಕೆ ಇನ್ನೂ ಮೂವತ್ತು ವರ್ಷ ಹಿಡಿಯಿತು. 1539ರಲ್ಲಿ ರೆಟಿಕಸ್ ಎಂಬ 25 ವರ್ಷದ ಗಣಿತದ ಅಧ್ಯಾಪಕ ಜರ್ಮನಿಯಿಂದ ಫ್ರೋಂಬೋರ್ಕ್ ಹುಡುಕಿಕೊಂಡು ಬಂದ. ಒಂದು ಕಾಲದಲ್ಲಿ ಗುರುವನ್ನು ಹುಡುಕಿ ಇಟಲಿಗೆ ಹೋದವನ ಬಾಗಿಲಿಗೆ ಈಗ ಶಿಷ್ಯನೊಬ್ಬ ಬಂದಿದ್ದ. ಅವನ ಒತ್ತಾಯದಿಂದ ಗ್ರಂಥ 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಅದೇ ವರ್ಷ ಮೇ 24ರಂದು ಕೋಪರ್ನಿಕಸ್ ತೀರಿಕೊಂಡ. ಗುರುತಿಲ್ಲದೆ ಹೋಗಿದ್ದ ಅವನ ಅಸ್ಥಿ 2005ರಲ್ಲಿ ಫ್ರೋಂಬೋರ್ಕ್ ಚರ್ಚಿನ ನೆಲದಡಿ ಸಿಕ್ಕಿತು. ಸ್ವೀಡನ್‌ನಲ್ಲಿದ್ದ ಅವನ ಪುಸ್ತಕವೊಂದರ ಹಾಳೆಗಳ ನಡುವೆ ಸಿಕ್ಕ ಕೂದಲಿನ ಡಿಎನ್‌ಎ ಜೊತೆ ಹೋಲಿಸಿ ಖಚಿತಪಡಿಸಿ, 2010ರ ಮೇ 22ರಂದು ಅಲ್ಲಿಯೇ ಮತ್ತೆ ಸಮಾಧಿ ಮಾಡಿದರು.

ಇದನ್ನು ಓದಿ, ವಿದೇಶಕ್ಕೆ ಹೋದವರು ಊರಿಗೆ ಮರಳಲೇಬೇಕು ಎಂಬ ನೀತಿ ಹೇಳಲು ನಾನು ಹೊರಟಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳಲ್ಲಿ ಚಿತ್ರ ಬರೆದ ಅಂತೋನಿಯೊ ಮೊಸ್ಕೆನಿ ಇಟಲಿಯ ಬೆರ್ಗಾಮೊ ಕಡೆಯವರು. ನಮ್ಮ ಕರಾವಳಿಗೆ ಬಂದವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ಮರಳಲಿಲ್ಲ. ಅವರ ಕೆಲಸ ಇಲ್ಲಿ ಉಳಿದಿದೆ. ಕೋಪರ್ನಿಕಸ್‌ಗೆ ಇದ್ದ ಅನುಕೂಲವನ್ನೂ ಮರೆಯಬಾರದು. ಅವನಿಗೆ ಬಿಷಪ್ ಮಾವ ಇದ್ದ, ಊರಿನಲ್ಲಿ ಖಾಯಂ ಆದಾಯ ಕಾದಿತ್ತು. ನಮಗೆ ಇರುವುದು ಎಜುಕೇಶನ್ ಲೋನ್, ಅದಕ್ಕೆ ಜಾಮೀನು ನಿಂತ ಅಪ್ಪನ ಸಹಿ. ಮರಳಿ ಬಂದರೆ ಕೆಲಸ ಕಾದಿರುತ್ತದೆ ಎಂಬ ಭರವಸೆ ಇಲ್ಲ. ಅದೇ ಇಟಲಿಗೆ ಹೋದ ಅಣ್ಣ ಆಂದ್ರೇಯಸ್‌ನ ಕಥೆಯೂ ಇದೆ. ಕುಷ್ಠದಂಥ ಕಾಯಿಲೆ ಬಂದು ಮಂಡಳಿಯವರು ಅವನನ್ನು ದೂರ ಇಟ್ಟರು. 1518ರ ಸುಮಾರಿಗೆ ತೀರಿಕೊಂಡ. ಒಂದೇ ಮನೆ, ಒಂದೇ ಮಾವ, ಒಂದೇ ವಿಶ್ವವಿದ್ಯಾಲಯ, ಎರಡು ಬದುಕು. ವೀಸಾ ಸಿಕ್ಕಿದ ಮಾತ್ರಕ್ಕೆ ಬದುಕು ದಡ ಸೇರಿತು ಎಂದುಕೊಳ್ಳುವವರು ಈ ಅಣ್ಣನನ್ನೂ ನೆನೆಯಬೇಕು.

ನನಗೆ ಹಿಡಿಸಿದ್ದು ಬೇರೆ. ಅವನು ಇಟಲಿಗೆ ಹೋದದ್ದು ಅಲ್ಲಿ ನೆಲೆಯೂರಲು ಅಲ್ಲ, ಆದರೆ ಇದ್ದಷ್ಟು ದಿನ ಅರೆಮನಸ್ಸಿನಿಂದ ಇರಲಿಲ್ಲ. ಭಾಷೆ ಕಲಿತ, ಗುರುವಿನ ಮನೆಯಲ್ಲೇ ಉಳಿದ, ರಾತ್ರಿ ನಿದ್ದೆಗೆಟ್ಟು ನೋಡಿದ್ದನ್ನು ಬರೆದಿಟ್ಟ. ಏಳು ವರ್ಷದ ಆ ಸರಕನ್ನು ಊರಿನಲ್ಲಿ ಕೂತು ನಲವತ್ತು ವರ್ಷ ಬೆಳೆಸಿದ. ಸೆಟಲ್ ಆಗುವುದು ಎಂದರೆ ಊರು ಯಾವುದು ಎಂಬ ಪ್ರಶ್ನೆ ಎಂದೇ ನಾವು ತಿಳಿದಿದ್ದೇವೆ. ಅವನ ಬದುಕು ನೋಡಿದರೆ ಕೆಲಸ ಯಾವುದು ಎಂಬುದೇ ಮೊದಲ ಪ್ರಶ್ನೆ ಅನಿಸುತ್ತದೆ.

ನಾನು ಇಟಲಿಗೆ ಅರ್ಜಿ ಹಾಕುವುದನ್ನು ಬಿಟ್ಟಿಲ್ಲ. ಆದರೆ ಅರ್ಜಿಗೆ ಮೊದಲು ಅಪ್ಪ ಅಮ್ಮನ ಎದುರು ಕೂತು, ವಾರ್ಮಿಯಾದ ಮಂಡಳಿ 1501ರಲ್ಲಿ ಕೇಳಿದ ಮೂರು ವಿಷಯಗಳಿಗೆ ಉತ್ತರ ಬರೆದು ಕೊಡಬೇಕು ಎಂದುಕೊಂಡಿದ್ದೇನೆ: ಎಷ್ಟು ವರ್ಷ, ಯಾವ ವಿದ್ಯೆ, ಅದರಿಂದ ಯಾರಿಗೆ ಉಪಯೋಗ. ಮೊದಲ ಎರಡಕ್ಕೆ ಉತ್ತರ ಸಿದ್ಧ ಇದೆ. ಮೂರನೆಯದಕ್ಕೆ ಈ ಸೆಮಿಸ್ಟರ್ ರಜೆಯಲ್ಲಿ ಕೂತು ಯೋಚಿಸಬೇಕು. ನಿಮ್ಮಲ್ಲೂ ಯಾರಾದರೂ ಹೊರಡುವ ತಯಾರಿಯಲ್ಲಿದ್ದರೆ ಒಮ್ಮೆ ಬರೆದು ನೋಡಿ.